ಸ್ಪೈಸಿ ಅಂದ್ರೆ ಖಾರ ಅಂತ ಯಾರು ಹೇಳಿದ್ದು?

ಫೆಬ್ರವರಿ ಕೊನೆಯ ವಾರ. ಕಾಫಿ ಬೀಜದ ಹೊಟ್ಟು ಬಿಡಿಸಿ ವಿಂಗಡಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿ ಕಾಫಿ ರುಚಿ ನೋಡುವ ದಿನ. ಆರು ಲಾಟ್, ಲಾಟಿಗೆ ಐದು ಬಟ್ಟಲು. ಎಲ್ಲಾ ವಾಶ್ಡ್ ಅರೇಬಿಕಾ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು. ಎದುರಿಗೆ ಯುರೋಪಿನ ಬಯರ್. ಪಕ್ಕದಲ್ಲಿ ಇಸ್ತ್ರಿ ಶರ್ಟಿನ ಸೇಲ್ಸ್ ಮ್ಯಾನೇಜರ್. ಕೆಟಲ್ ಹಿಡಿದವನು ನಾನು.

ಬೆಳಿಗ್ಗೆ ಎರಡು ಸಲ ಕರೆಂಟ್ ಹೋಗಿತ್ತು. ಜನರೇಟರ್‌ಗೆ ಡೀಸೆಲ್ ಹಾಕಿಸಿ ಅಂತ ಸೋಮವಾರವೇ ಮೇಲ್ ಹಾಕಿದ್ದೆ. ಉತ್ತರ ಬಂದಿರಲಿಲ್ಲ. ನೀರು ಕಾಯುತ್ತೋ ಇಲ್ಲವೋ ಅನ್ನೋ ಭಯದಲ್ಲೇ ಅರ್ಧ ಜೀವ ಹೋಗಿತ್ತು. ಹೇಗೋ ಕಾಯ್ತು. 8.25 ಗ್ರಾಂ ಪುಡಿಗೆ 150 ಎಂಎಲ್ ನೀರು, ನಾಲ್ಕು ನಿಮಿಷಕ್ಕೆ ಬ್ರೇಕ್, ಅಂದರೆ ಮೇಲೆ ತೇಲುವ ಪುಡಿಯ ಪದರವನ್ನು ಚಮಚದಲ್ಲಿ ಒಡೆಯೋದು. ಅಲ್ಲಿವರೆಗೆ ಎಲ್ಲ ಸುಸೂತ್ರ.

ಬಯರ್ ಮೂರು ಲಾಟ್ ಸುರ್ ಅಂತ ಎಳೆದು, ಉಗಿದು, ಮುಂದೆ ಹೋದರು. ನಾಲ್ಕನೇ ಲಾಟಿನಲ್ಲಿ ನಿಂತರು. ವಾಪಸ್ ಬಂದರು. ಇನ್ನೊಂದು ಚಮಚ. ಹುಬ್ಬು ಗಂಟಾಯಿತು. ನನ್ನ ಕಡೆ ನೋಡಿ, "ಸ್ಪೈಸಿ. ವೆರಿ ಸ್ಪೈಸಿ" ಅಂದರು.

ನನ್ನ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು. ಯಾಕೆ ಅಂದರೆ ಅದು ಆಲ್ದೂರು ಕಡೆಯ ಒಂದು ಎಸ್ಟೇಟ್ ಕಾಫಿ. ನಾಲ್ಕು ದಿನದ ಹಿಂದೆ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಾಟ್ಸಾಪಿನಲ್ಲಿ ಕಣದ ಫೋಟೋ ಹಾಕಿದ್ದರು. ಕಣದ ತುಂಬ ಮೆಣಸು ಒಣಗುತ್ತಿತ್ತು. ನಮ್ಮ ಕಡೆ ಬರೀ ಮೆಣಸು ಅಂದರೆ ಕಾಳುಮೆಣಸು, ಸಿಲ್ವರ್ ಓಕ್‌ಗೆ ಹಬ್ಬಿಸಿದ ಬಳ್ಳಿಯದ್ದು. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತೆ ಅಂತ ಟ್ರೈನಿಂಗಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಸ್ಪೈಸಿ ಅಂದರೆ ಖಾರ. ಕಾಫಿಗೆ ಖಾರ ಬಂದಿದೆ ಅಂದರೆ ಮೆಣಸಿನದ್ದೇ. ತಲೆಯಲ್ಲಿ ಲೆಕ್ಕ ಎರಡು ಸೆಕೆಂಡಿನಲ್ಲಿ ಮುಗಿಯಿತು.

ಸುಮ್ನೆ ಇರಬಹುದಿತ್ತು. ಇರಲಿಲ್ಲ. "ಸಾರಿ ಸರ್, ಅದೇ ಕಣದಲ್ಲಿ ಮೆಣಸೂ ಒಣಗಿಸ್ತಾರೆ, ನಾವು ಸರಿ ಮಾಡಿಸ್ತೀವಿ" ಅಂತ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಒದರಿಬಿಟ್ಟೆ.

ಬಯರ್ ಚಮಚ ಕೆಳಗಿಟ್ಟರು. ಮ್ಯಾನೇಜರ್ ಕುತ್ತಿಗೆ ಕೆಂಪಾಗಿದ್ದು ನನಗೆ ಕಂಡಿತು. "ಅದೇ ಕಣದಲ್ಲಾ? ಒಂದೇ ಸಮಯಕ್ಕಾ? ಅದೇ ಗೋಣಿಚೀಲವಾ? ಗೋದಾಮು ಒಂದೇನಾ?" ಒಂದರ ಹಿಂದೆ ಒಂದು ಪ್ರಶ್ನೆ. ಒಂದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಅವರು ಮತ್ತೆ ಮೊದಲ ಲಾಟಿನಿಂದ ಶುರು ಮಾಡಿದರು. ಈ ಸಲ ರುಚಿ ಹುಡುಕುತ್ತಿರಲಿಲ್ಲ, ಡಿಫೆಕ್ಟ್ ಹುಡುಕುತ್ತಿದ್ದರು. ಅದು ಮೂಗಿನ ಚಲನೆಯಲ್ಲೇ ಗೊತ್ತಾಗುತ್ತೆ.

ರೈಟರ್‌ಗೆ ಫೋನ್ ಮಾಡಿದೆ. ನಾಟ್ ರೀಚಬಲ್. ಅವರ ತೋಟದಲ್ಲಿ ಸಿಗ್ನಲ್ ಬೇಕಂದರೆ ಪಂಪ್‌ಹೌಸ್ ದಿಬ್ಬ ಹತ್ತಬೇಕು. ಹದಿನೈದು ನಿಮಿಷ ಹೀಗೇ ಹೋಯಿತು. ಆ ಹದಿನೈದು ನಿಮಿಷದಲ್ಲಿ ಬಟ್ಟಲುಗಳು ಆರಿದವು, ಯಾರೂ ಮಾತಾಡಲಿಲ್ಲ. ಮ್ಯಾನೇಜರ್ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ನಿನ್ನನ್ನ ಕೇಳಿದ್ರೇನೋ?" ಅಂದರು. ಒಂದು ಲಾಟ್ ಅಲ್ಲ, ಆರ್ಡರ್ರೇ ಹೋಯಿತು ಅಂದುಕೊಂಡೆ.

ಕೊನೆಗೆ ರೈಟರ್ ಸಿಕ್ಕಿದರು. "ಕಾಫಿ ಕಣ ಜನವರಿ 20ಕ್ಕೇ ಖಾಲಿ ಮಾರಾಯ. ಪಾರ್ಚ್‌ಮೆಂಟ್ 25ಕ್ಕೆ ನಿಮ್ಮ ಗೋದಾಮಿಗೇ ಬಂದಿದೆ, ನಿಮ್ಮ ಸ್ಲಿಪ್ಪೇ ಇದೆ ನೋಡು. ಮೆಣಸು ಕೊಯ್ಲು ಶುರುವಾಗಿದ್ದೇ ಫೆಬ್ರವರಿಯಲ್ಲಿ" ಅಂದರು. ಪಾರ್ಚ್‌ಮೆಂಟ್ ಅಂದರೆ ಹೊಟ್ಟು ಬಿಡಿಸದ ಒಣ ಕಾಫಿ ಬೀಜ. ಸ್ಲಿಪ್ ನೋಡಿದೆ. ನನ್ನದೇ ಸಹಿ.

ಅದನ್ನು ಹೇಳಿದ ಮೇಲೆ ಬಯರ್ ಮುಖ ಸಡಿಲವಾಯಿತು. ಗೋಡೆಯ ಮೇಲಿನ ಫ್ಲೇವರ್ ವೀಲ್ ಹತ್ತಿರ ಕರೆದುಕೊಂಡು ಹೋದರು. ಕಾಫಿಯ ರುಚಿ, ವಾಸನೆಗಳ ಹೆಸರನ್ನೆಲ್ಲ ಚಕ್ರದಲ್ಲಿ ಜೋಡಿಸಿದ ಚಾರ್ಟ್ ಅದು. 1995ರಲ್ಲಿ ಬಂದ ಚಕ್ರ, 2016ರಲ್ಲಿ ಹೊಸದಾಗಿ ಮಾಡಿದ್ದಾರೆ. ದಿನಾ ಅದರ ಕೆಳಗೇ ಕೂತು ಊಟ ಮಾಡ್ತೀನಿ. ಅದರಲ್ಲಿ ಸ್ಪೈಸಸ್ ಅಂತ ಒಂದು ಭಾಗ. ಅದರೊಳಗೆ ಘಾಟು ಬೇರೆ, ಮೆಣಸು ಬೇರೆ, ಬ್ರೌನ್ ಸ್ಪೈಸ್ ಬೇರೆ. ಬ್ರೌನ್ ಸ್ಪೈಸ್ ಅಂದರೆ ಚಕ್ಕೆ, ಲವಂಗ, ಜಾಯಿಕಾಯಿ, ಸೋಂಪಿನಂಥದ್ದರ ವಾಸನೆ. ಅವರ ಬೆರಳು ಲವಂಗದ ಮೇಲೆ ನಿಂತಿತು. "ಇದಕ್ಕೇ ನಾನು ದುಡ್ಡು ಕೊಡೋದು" ಅಂದರು. ನಮ್ಮ ದಪ್ಪ ಬೀಜದ ವಿಶೇಷ ಕಾಫಿ ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್ ಬಗ್ಗೆ ಹೊಗಳುವಾಗಲೂ ಅದರಲ್ಲಿ ಸ್ಪೈಸಿನ ಎಳೆ ಇದೆ ಅಂತಲೇ ಹೇಳೋದು. ಅದನ್ನು ಬೇರೆಯವರಿಗೆ ಹತ್ತು ಸಲ ನಾನೇ ಹೇಳಿದ್ದೇನೆ, ಗಿಳಿಪಾಠದ ಹಾಗೆ.

ತಪ್ಪು ನನ್ನದೇ, ಒಪ್ಪಿದೆ. ಆದರೆ ನಮ್ಮ ಸ್ಕೋರ್ ಶೀಟನ್ನೂ ಒಮ್ಮೆ ನೋಡಿ. ಮ್ಯಾನೇಜ್‌ಮೆಂಟ್ ಅದನ್ನು ಕನ್ನಡಕ್ಕೆ ಮಾಡಿಸಿದೆ, ಯಾವುದೋ ಆ್ಯಪ್‌ನಲ್ಲಿ. ಸ್ಪೈಸಿ ಎದುರಿಗೆ 'ಖಾರ' ಅಂತಿದೆ. ಫ್ಲೋರಲ್ ಎದುರಿಗೆ 'ಹೂವಿನ ಅಂಗಡಿ' ಅಂತಿತ್ತು, ಅದನ್ನು ಮಾತ್ರ ಎಲ್ಲರೂ ನಕ್ಕ ಮೇಲೆ ತೆಗೆದರು. ಖಾರ ನೋಡಿ ಯಾರೂ ನಗಲಿಲ್ಲ. ಅದೇ ಎಡವಟ್ಟು.

ಆಮೇಲೆ ಕೂತು ಯೋಚಿಸಿದೆ. ಸ್ಪೈಸ್ ಅನ್ನೋದು ಲ್ಯಾಟಿನ್‌ನ 'ಸ್ಪೀಶೀಸ್' ಅನ್ನೋ ಪದದಿಂದ ಬಂದಿದ್ದು, ಅದಕ್ಕೆ ಒಂದು ಕಾಲದಲ್ಲಿ ಸರಕು ಅಂತ ಅರ್ಥ ಇತ್ತು. ಅಂದರೆ ನಮ್ಮ ಸಾಂಬಾರ ಪದಾರ್ಥ. ಲವಂಗ ಹಾಕಿದ ಪಾಯಸವೂ ಇಂಗ್ಲಿಷಿನಲ್ಲಿ ಸ್ಪೈಸಿ ಆಗಬಹುದು, ಹಸಿಮೆಣಸಿನಕಾಯಿ ಚಟ್ನಿಯೂ ಸ್ಪೈಸಿ. ನಮಗೆ ಮಾತ್ರ ಅದು ಎರಡನೆಯದೇ. ತಮಾಷೆ ಅಂದರೆ ಮೆಣಸಿನಕಾಯಿ ನಮ್ಮದೇ ಅಲ್ಲ, ಪೋರ್ಚುಗೀಸರ ಜೊತೆ ಅಮೆರಿಕದ ಕಡೆಯಿಂದ ಬಂದಿದ್ದು. ಅದಕ್ಕೂ ಮೊದಲು ಇಲ್ಲಿ ಖಾರ ಅಂದರೆ ಹೆಚ್ಚಾಗಿ ಮೆಣಸು. ಹೊಸ ಕಾಯಿಗೆ ಹಳೆಯ ಕಾಳಿನ ಹೆಸರನ್ನೇ ಅಂಟಿಸಿದ್ದಾರೆ.

ಊಟಕ್ಕೆ ಅಕ್ಕಿರೊಟ್ಟಿ, ಕೋಳಿಸಾರು. ಬಯರ್ ಸಾರು ತೋರಿಸಿ "ಈಸ್ ಇಟ್ ಹಾಟ್?" ಅಂದರು. ಕ್ಯಾಂಟೀನ್ ಅಕ್ಕ ಆರಿರಬೇಕು ಅಂತ ಪಾತ್ರೆ ಎತ್ತಿ ಒಲೆಗಿಟ್ಟರು. ನಾನು ಬಾಯಿ ತೆಗೆಯಲಿಲ್ಲ, ಆ ದಿನದ ಕೋಟಾ ಮುಗಿದಿತ್ತು. ಇದರಲ್ಲಿ ಇಂಗ್ಲಿಷಿನವರದ್ದು ಪೂರ್ತಿ ತಪ್ಪು ಅನ್ನಲೂ ಆಗಲ್ಲ. ಬಾಯಿಯಲ್ಲಿ ಬಿಸಿ ತಾಗಿದ್ದನ್ನು ಹೇಳುವ ನರದ ತುದಿಯೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಕಾಳುಮೆಣಸಿನ ಪೈಪರಿನ್‌ಗೂ ಎಚ್ಚರಾಗುತ್ತೆ. ನಾವೂ ಬಾಯಿ ಉರೀತು ಅಂತೀವಲ್ವಾ. ಸಾರು ಕುದಿಯುತ್ತಾ ವಾಪಸ್ ಬಂತು. ಪಾಪ, ಅವರಿಗೆ ಎರಡೂ ಥರದ ಹಾಟ್ ಸಿಕ್ಕಿತು.

ಲಾಟ್ ತಗೊಂಡರು. ಆದರೆ ಪ್ರೀ-ಶಿಪ್‌ಮೆಂಟ್ ಸ್ಯಾಂಪಲ್ ಇನ್ನೊಮ್ಮೆ ಕಳಿಸಿ, ಕಣದ ರೆಕಾರ್ಡ್ ಜೊತೆಗೆ ಅಂದರು. ಮೂರು ವಾರ ತಡ. ಆ ಮೂರು ವಾರ ಆಫೀಸಿನಲ್ಲಿ ನನ್ನದೇ ಸುದ್ದಿ. ಡಿಸ್ಪ್ಯಾಚ್ ಹುಡುಗ ಒಬ್ಬ "ಏನಣ್ಣ, ಸ್ಪೈಸಿ ನ್ಯೂಸ್?" ಅಂತ ಕಣ್ಣು ಮಿಟುಕಿಸಿದ. ಅದು ಆ ಪದದ ಇನ್ನೊಂದು ಅರ್ಥ. ಕನ್ನಡದಲ್ಲಿ ಖಾರವಾಗಿ ಮಾತಾಡಿದ ಅಂದರೆ ಬೈದ ಅಂತ. ಇಂಗ್ಲಿಷಿನಲ್ಲಿ ಸ್ಪೈಸಿ ಮಾತು ಅಂದರೆ ಸ್ವಲ್ಪ ಪೋಲಿ. ನನಗೆ ಮ್ಯಾನೇಜರಿಂದ ಸಿಕ್ಕಿದ್ದು ಕನ್ನಡದ್ದು.

ಸ್ಕೋರ್ ಶೀಟ್‌ನಲ್ಲಿ ಖಾರ ತೆಗೆಸಿ ಅಂತ ಮೇಲ್ ಹಾಕಿದ್ದೇನೆ, ಎರಡು ಸಲ. ಅಲ್ಲಿವರೆಗೆ ನನ್ನ ಶೀಟ್‌ಗಳಲ್ಲಿ ಪೆನ್ನಿನಿಂದ ಹೊಡೆದು 'ಲವಂಗ, ಚಕ್ಕೆ' ಅಂತ ಬರೆದುಕೊಳ್ತೀನಿ. ಸೋಮವಾರ ಹೊಸ ಪ್ರಿಂಟ್ ಬರುತ್ತೆ. ಮತ್ತೆ ಖಾರ.