ಗೋವಾದಲ್ಲಿ ಮನೆ ಕೊಳ್ಳುವ ಮೊದಲು ಮದುವೆ ಕಾಗದ ನೋಡಿ

ಮಡಗಾಂವ್‌ನಲ್ಲಿ ನೆಲೆಸಿದ ಮೇಲೆ ಊರಿನಿಂದ ಬರುವ ಫೋನುಗಳಲ್ಲಿ ಒಂದು ಮಾತು ತಪ್ಪುವುದಿಲ್ಲ. "ಅಲ್ಲೊಂದು ಸಣ್ಣ ಮನಿ ನೋಡೇವಿ, ಕಾಗದಪತ್ರ ಎಲ್ಲಾ ಸರಿ ಅದಾವಂತ, ನೀ ಒಮ್ಮೆ ನೋಡಿ ಹೇಳು." ಧಾರವಾಡ, ಗದಗ, ಬಾಗಲಕೋಟೆ ಕಡೆಯವರಿಗೆ ಗೋವಾ ಪರಊರು ಅನ್ನಿಸುವುದೇ ಇಲ್ಲ. ವಾಸ್ಕೋದ ಬಂದರು, ಕಟ್ಟಡ ಕೆಲಸ, ಅಂಗಡಿ ವ್ಯಾಪಾರ ಅಂತ ನಮ್ಮವರು ಇಲ್ಲಿ ಎಷ್ಟೋ ವರ್ಷಗಳಿಂದ ಬದುಕು ಕಟ್ಟಿಕೊಂಡಿದ್ದಾರೆ. ಹಾಗಾಗಿ ಆಸ್ತಿಯನ್ನೂ ಊರಿನ ಲೆಕ್ಕದಲ್ಲೇ ನೋಡುತ್ತಾರೆ. ಉತಾರ, ಅಂದರೆ ಪಹಣಿ, ಯಾರ ಹೆಸರಲ್ಲಿದೆ? ಬೋಜಾ, ಅಂದರೆ ಆಸ್ತಿಯ ಮೇಲೆ ಸಾಲ, ಇದೆಯಾ? ಸಾಲ ಇಲ್ಲ ಅಂದರೆ ಮುಂಗಡ ಕೊಟ್ಟುಬಿಡುತ್ತಾರೆ. ಇಲ್ಲಿ ಅಷ್ಟು ಸಾಲದು. ಮಾರುವವರ ಮದುವೆ ಯಾವಾಗ ಆಯಿತು, ಎಲ್ಲಿ ನೋಂದಣಿಯಾಯಿತು, ಮದುವೆಗೆ ಮುಂಚೆ ಕರಾರು ಏನಾದರೂ ಇತ್ತಾ? ಮೊದಲು ಕೇಳಬೇಕಾದದ್ದು ಇದು.

ಗೋವಾ 1961ರ ಡಿಸೆಂಬರ್ 19ರಂದು ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಆದರೆ ಅವರ 1867ರ ಸಿವಿಲ್ ಕೋಡ್ ಇಲ್ಲೇ ಉಳಿಯಿತು. ಮದುವೆ, ಗಂಡ ಹೆಂಡತಿಯ ಆಸ್ತಿ ಇವೆಲ್ಲ ಇವತ್ತಿಗೂ ಅದರ ಪ್ರಕಾರವೇ ನಡೆಯುತ್ತವೆ. ವಾರಸಾ ವಿಷಯಕ್ಕೆ ಗೋವಾ 2012ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಅದರ ತಿರುಳು ಮಾತ್ರ ಹಳೆಯದೇ. ಮದುವೆಗೆ ಮುಂಚೆ ಬೇರೆ ಕರಾರು ಬರೆದುಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಎಲ್ಲ ಒಂದಾಗುತ್ತದೆ. ದುಡಿದು ಗಳಿಸಿದ್ದು ಮಾತ್ರ ಅಲ್ಲ, ತಂದೆ ತಾಯಿಯಿಂದ ಬಂದದ್ದೂ ಸೇರುತ್ತದೆ. ಇಬ್ಬರಿಗೂ ಅರ್ಧ ಅರ್ಧ. ಕಾಗದದಲ್ಲಿ ಗಂಡನ ಹೆಸರು ಒಂದೇ ಇದ್ದರೂ ಹೆಂಡತಿಯ ಸಹಿ ಇಲ್ಲದೆ ಮನೆ ಮಾರಲು ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಅಪ್ಪ, ಅಮ್ಮ, ಮೂವರು ಮಕ್ಕಳು. ಮಕ್ಕಳಿಗೆಲ್ಲ ಮದುವೆಯಾಗಿದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಮನೆ ಅಪ್ಪನ ಸ್ವಂತ ಗಳಿಕೆ. ಇದು ಧಾರವಾಡದ ಹಿಂದೂ ಕುಟುಂಬವಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಅಮ್ಮನಿಗೂ ಮಕ್ಕಳಿಗೂ ಕಾಲು ಕಾಲು ಪಾಲು. ನಾಲ್ಕು ಸಹಿ ಆದರೆ ಮುಗಿಯಿತು. ಗೋವಾದ ಕುಟುಂಬದಲ್ಲಿ ಹಾಗಲ್ಲ. ಅಮ್ಮನ ಅರ್ಧ ಮೊದಲಿನಿಂದಲೂ ಅಮ್ಮನದೇ. ಅಪ್ಪನ ಅರ್ಧ ಮಾತ್ರ ಹಂಚಿಕೆಗೆ ಬರುತ್ತದೆ. ಒಬ್ಬೊಬ್ಬ ಮಗ ಮಗಳಿಗೆ ಆರನೇ ಒಂದು ಪಾಲು. ಆ ಪಾಲಿನಲ್ಲೂ ಸೊಸೆಗೆ, ಅಳಿಯನಿಗೆ ಅರ್ಧ. ಅಂದರೆ ಖರೀದಿ ಪತ್ರಕ್ಕೆ ಒಟ್ಟು ಏಳು ಜನರ ಸಹಿ ಬೇಕು. ಇದು ಒಂದು ತಲೆಮಾರಿನ ಮಾತಾಯಿತು. ಅಜ್ಜನ ಕಾಲದಿಂದ ಪಾಲಾಗದ ಮನೆಯಾದರೆ ಹೆಸರು ಎಷ್ಟಾಗಬಹುದು ಯೋಚಿಸಿ.

ಇಲ್ಲೇ ನಮ್ಮವರು ಜಾಸ್ತಿ ಸಿಕ್ಕಿಬೀಳುವುದು. ಪರಿಚಯದ ಒಬ್ಬರು, ಬಾಗಲಕೋಟೆ ಕಡೆಯವರು, ಇಬ್ಬರು ಅಣ್ಣತಮ್ಮಂದಿರಿಂದ ಹಳೇ ಮನೆ ಕೊಳ್ಳಲು ಮುಂಗಡ ಕೊಟ್ಟರು. ಮಾರುವವರು ಒಳ್ಳೆಯ ಜನ, ಮೋಸದ ಉದ್ದೇಶ ಇರಲಿಲ್ಲ. ಆದರೆ ಅವರ ತಂಗಿ ಮದುವೆಯಾಗಿ ಪೋರ್ಚುಗಲ್ ಸೇರಿದ್ದರು. "ತಂಗಿ ಏನೂ ಕೇಳೂದಿಲ್ಲ" ಅಂತ ಅಣ್ಣ ಹೇಳಿದ್ದನ್ನೇ ಇವರು ನಂಬಿದರು. ತಂಗಿ ಕೇಳಲಿಲ್ಲ ನಿಜ. ಆಕೆಯ ಗಂಡ ಸಹಿ ಹಾಕಲು ಒಪ್ಪಲಿಲ್ಲ. ಕಾನೂನಿನಲ್ಲಿ ಅವನಿಗೆ ಆ ಹಕ್ಕಿದೆ. ಆ ಮುಂಗಡ ವಾಪಸ್ ಪಡೆಯುವಷ್ಟರಲ್ಲಿ ಇವರು ಅನುಭವಿಸಿದ ಸಂಕಟ ನೋಡಿದಾಗಿನಿಂದ ಈ ವಿಷಯ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಮನೆಯ ಹಿರಿಯರು ತೀರಿಕೊಂಡಿದ್ದರೆ ವಾರಸುದಾರರು ಯಾರು ಎಂದು ಸಾಬೀತುಮಾಡಲು ಇಲ್ಲಿ ಎರಡು ದಾರಿ ಇವೆ. ಒಂದು, ವಿಶೇಷ ನೋಟರಿ ಮುಂದೆ ಆಗುವ ವಾರಸಾ ಪತ್ರ. ಇದು ವಾರಸುದಾರರು ಇಂಥಿಂಥವರು ಎಂದು ಹೇಳುತ್ತದೆ, ಪಾಲು ಮಾಡುವುದಿಲ್ಲ. ಇನ್ನೊಂದು, ಸಿವಿಲ್ ಕೋರ್ಟಿನಲ್ಲಿ ನಡೆಯುವ ಇನ್ವೆಂಟರಿ. ಅಲ್ಲಿ ಆಸ್ತಿಯ ಪಟ್ಟಿಯಾಗಿ, ಪಾಲಾಗಿ, ಒಡೆಯಲು ಬಾರದ ಆಸ್ತಿಗೆ ವಾರಸುದಾರರ ನಡುವೆಯೇ ಹರಾಜೂ ನಡೆಯುತ್ತದೆ. ಇನ್ವೆಂಟರಿ ಮುಗಿದ ಆಸ್ತಿ ಸಿಕ್ಕರೆ ಸ್ವಲ್ಪ ಜಾಸ್ತಿ ಬೆಲೆಯಾದರೂ ಅದನ್ನೇ ನೋಡಿ ಎಂಬುದು ನನ್ನ ಅಭಿಪ್ರಾಯ. ಉಯಿಲು ಇದೆ ಅಂತ ತೋರಿಸಿದರೂ ಪೂರ್ತಿ ನಂಬಬೇಡಿ. ಮಕ್ಕಳಿದ್ದವರು ತಮ್ಮ ಪಾಲಿನ ಅರ್ಧವನ್ನು ಮಾತ್ರ ಮನಸ್ಸಿಗೆ ಬಂದವರಿಗೆ ಬರೆಯಬಹುದು. ಉಳಿದರ್ಧ ಮಕ್ಕಳ ಹಕ್ಕು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮ. ನಮ್ಮ ಕಡೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿ ಬಂದ ಮೇಲೂ ಅಕ್ಕತಂಗಿಯರಿಂದ ಹಕ್ಕು ಬಿಟ್ಟ ಪತ್ರ ಬರೆಸಿಕೊಳ್ಳುವುದು ಎಷ್ಟು ಸಲೀಸಾಗಿ ನಡೆಯುತ್ತದೆ, ಅಲ್ವಾ? ಈ ಒಂದು ವಿಷಯದಲ್ಲಿ ನನಗೆ ಗೋವಾದ ಪದ್ಧತಿಯ ಮೇಲೆ ತುಂಬ ಗೌರವ.

ಇನ್ನು ಜಮೀನಿನ ಕಾಗದ. ನಮ್ಮ ಉತಾರದ ಜಾಗದಲ್ಲಿ ಇಲ್ಲಿ 'ಫಾರ್ಮ್ ಒಂದು ಮತ್ತು ಹದಿನಾಲ್ಕು' ಇರುತ್ತದೆ. ಪಟ್ಟಣದ ಸರ್ವೆಯಲ್ಲಿ 'ಫಾರ್ಮ್ ಡಿ'. ಮಾಲೀಕರ ಹೆಸರು ನೋಡಿ ನಿಲ್ಲಿಸಬೇಡಿ. ಗೇಣಿದಾರರ ಮತ್ತು ಇತರೆ ಹಕ್ಕುಗಳ ಕಾಲಂ ಓದಿ. ಮಾಲೀಕರ ಜಾಗದಲ್ಲಿ ಮನೆ ಕಟ್ಟಿಕೊಂಡು ಬಂದವರನ್ನು ಇಲ್ಲಿ ಮುಂಡ್ಕಾರ ಅನ್ನುತ್ತಾರೆ. 1975ರ ಕಾಯಿದೆ ಅವರಿಗೆ ಗಟ್ಟಿ ರಕ್ಷಣೆ ಕೊಟ್ಟಿದೆ. ನೀವು ಕೊಂಡಿರಿ ಎಂದು ಅವರನ್ನು ಎಬ್ಬಿಸಲು ಆಗುವುದಿಲ್ಲ. ಎಬ್ಬಿಸಬಾರದು ಕೂಡ. ಕೊಮುನಿದಾದ್ ಅಂದರೆ ಊರಿನ ಸಮುದಾಯದ ಜಾಗವನ್ನು ಯಾರೋ ಅಗ್ಗಕ್ಕೆ ಕೊಡುತ್ತೇನೆ ಅಂದರೆ ದೂರ ಇರಿ. ಹೊಲ ಗದ್ದೆಯ ಆಸೆಯೂ ಬೇಡ. ಕೃಷಿಕರಲ್ಲದವರಿಗೆ ಬೇಸಾಯದ ಭೂಮಿ ಮಾರುವುದನ್ನು ಗೋವಾ 2023ರ ಕಾಯಿದೆಯಿಂದ ತಡೆದಿದೆ. ಕರ್ನಾಟಕದಲ್ಲಿ 2020ರಲ್ಲಿ ಆ ಅಡ್ಡಿ ತೆಗೆದಿದ್ದರಿಂದ ನಮ್ಮವರು ಇಲ್ಲಿಯೂ ಹಾಗೇ ಇರಬಹುದು ಅಂದುಕೊಳ್ಳುತ್ತಾರೆ.

ಬೀಗ ಹಾಕಿದ ಹಳೇ ಬಂಗಲೆಗಳ ಬಗ್ಗೆ ಇನ್ನೂ ಹುಷಾರಾಗಿರಬೇಕು. ಮಾಲೀಕರು ತೀರಿಕೊಂಡಿರುತ್ತಾರೆ ಅಥವಾ ಹೊರದೇಶದಲ್ಲಿರುತ್ತಾರೆ. ಇಂಥ ಆಸ್ತಿಗಳಿಗೆ ಪೋರ್ಚುಗೀಸ್ ಕಾಲದ ಸುಳ್ಳು ದಾಖಲೆ ಹುಟ್ಟಿಸಿ ಮಾರಿದ ಪ್ರಕರಣಗಳು ಎಷ್ಟೋ ಹೊರಬಿದ್ದು, 2022ರಲ್ಲಿ ಸರ್ಕಾರ ವಿಶೇಷ ತನಿಖಾ ತಂಡವನ್ನೇ ರಚಿಸಬೇಕಾಯಿತು. ಹಳೆಯ ಕಾಗದ ಪೋರ್ಚುಗೀಸ್ ಭಾಷೆಯಲ್ಲಿರುತ್ತದೆ. ಅದನ್ನು ಓದಬಲ್ಲ ಸ್ಥಳೀಯ ವಕೀಲರನ್ನೇ ಹಿಡಿಯಿರಿ. ಮಾರುವವರ ಕಡೆಯ ವಕೀಲರು ಬೇಡ. ಮಾರುವವರು ಅನಿವಾಸಿಗಳಾದರೆ ತೆರಿಗೆಯ ಲೆಕ್ಕವೂ ಬೇರೆ. ಇಲ್ಲಿರುವವರಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಕೊಂಡಾಗ ಕೊಳ್ಳುವವರು ಶೇಕಡಾ 1 ಹಿಡಿದು ಕಟ್ಟುತ್ತೇವಲ್ಲ, ಅನಿವಾಸಿಗಳಿಗೆ ಆ ದರ ನಡೆಯುವುದಿಲ್ಲ. ಅದಕ್ಕಿಂತ ಬಹಳ ಜಾಸ್ತಿ ಹಿಡಿಯಬೇಕಾಗುತ್ತದೆ. ಹಿಡಿಯದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನೇ.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ವಿಷಯ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಅವರು ಇಲ್ಲೇ ನೆಲೆಸಿ, ಇಲ್ಲೇ ಮದುವೆ ನೋಂದಣಿ ಮಾಡಿಸುತ್ತಾರೆ. ಖರೀದಿ ಪತ್ರವೂ ಮದುವೆಯೂ ಒಂದೇ ಕಚೇರಿಯಲ್ಲಿ ನೋಂದಣಿಯಾಗುವ ರಾಜ್ಯ ಇದು. ಗೋವಾ ನಿವಾಸಿಗಳು ಬೇರೆ ರಾಜ್ಯದಲ್ಲಿ ಬಿಟ್ಟುಹೋದ ಆಸ್ತಿಗೂ ಗೋವಾದ ವಾರಸಾ ಕಾನೂನೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾದರೆ ಧಾರವಾಡದ ಮನೆಗೂ ಇದು ತಟ್ಟಬಹುದು. ಮಗನೋ ಮಗಳೋ ಮದುವೆಗೆ ಹೊರಟಿದ್ದರೆ ಮನೆಯವರೆಲ್ಲ ಕೂತು ಮಾತಾಡಿ, ವಕೀಲರನ್ನೂ ಕೇಳಿ. ಆಸ್ತಿ ಬೇರೆ ಬೇರೆ ಇರಲಿ ಎಂಬ ಕರಾರು ಬೇಕಿದ್ದರೆ ಅದು ಮದುವೆಗೆ ಮುಂಚೆಯೇ ಆಗಬೇಕು. ಆಮೇಲೆ ಬದಲಿಸಲು ಬರುವುದಿಲ್ಲ.