ಮಕ್ಕಳ ಗಾಲ್ಫ್ ಮತ್ತು ಆ 40 ಸೆಕೆಂಡು

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಹೊರಗಿನ ಒಂದು ಕೋರ್ಸ್‌ನಲ್ಲಿ ಮಕ್ಕಳ ಟೂರ್ನಮೆಂಟ್ ಇತ್ತು, ನನ್ನ ಮಗಳೂ ಆಡುತ್ತಿದ್ದಳು. ಚೆಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳುವುದಕ್ಕೆ ಒಂದಷ್ಟು ಪೋಷಕರು ಬೇಕು ಅಂದಾಗ ಹೆಸರು ಕೊಟ್ಟೆ. ಏಳನೇ ಹೋಲ್ (ಚೆಂಡನ್ನು ಗುಳಿಗೆ ಸೇರಿಸಬೇಕಾದ ಏಳನೇ ಹಂತ) ಸಿಕ್ಕಿತು. ಅದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು, ಬಲಗಡೆ ಉದ್ದಕ್ಕೂ ಲಂಟಾನ ಪೊದೆ. ಮಗಳ ಜೊತೆ ನಡೆದಿದ್ದರೆ ಅವಳೊಬ್ಬಳ ಆಟ ನೋಡುತ್ತಿದ್ದೆ ಅಷ್ಟೇ. ಒಂದೇ ಕಡೆ ನಿಂತಿದ್ದರಿಂದ ಎಲ್ಲ ಗುಂಪುಗಳೂ ನನ್ನ ಕಣ್ಣ ಮುಂದೆಯೇ ಹಾದುಹೋದವು. ಮಕ್ಕಳ ಆಟ ನಿಧಾನವಾಗುವುದು ಎಲ್ಲಿ, ಯಾರಿಂದ ಅಂತ ಆವತ್ತು ಚೆನ್ನಾಗಿ ಗೊತ್ತಾಯಿತು.

ಗುಂಪಿಗೆ ಮೂವರು, ಎರಡು ಗುಂಪಿನ ನಡುವೆ ಹತ್ತು ನಿಮಿಷ. ಮೊದಲ ಗುಂಪುಗಳು ಸರಾಗವಾಗಿ ಹೋದವು. ಒಂಬತ್ತೂವರೆ ಆಗುತ್ತಲೂ ಟೀ ಹತ್ತಿರ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ಒಂದು ಗುಂಪು ಕಾಯುತ್ತಿತ್ತು, ಸ್ವಲ್ಪ ಹೊತ್ತಿಗೆ ಎರಡು. ಘಾಟಿ ರಸ್ತೆಯಲ್ಲಿ ಮುಂದೆ ಒಂದು ಲಾರಿ ತೆವಳುತ್ತಿದ್ದರೆ ಹಿಂದಿನವರು ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ, ಹಾಗೇ ಇದೂ. ಕಾಯುತ್ತಿದ್ದ ಮಕ್ಕಳು ಬ್ಯಾಗಿನ ಮೇಲೆ ಕೂತಿದ್ದರು, ನೆರಳೂ ಇರಲಿಲ್ಲ. ಕೂತು ಕೂತು ಮೈ ಬಿಗಿದ ಮೇಲೆ ಹೊಡೆದ ಚೆಂಡು ಸೀದಾ ಪೊದೆಗೆ. ಅವರು ಸರಿಯಾದ ಸಮಯಕ್ಕೆ ಬಂದಿದ್ದರು, ಆದರೂ ಅವರ ಸ್ಕೋರೇ ಕೆಟ್ಟಿತು.

ಹೊಡೆಯುವುದಕ್ಕೆ ಒಂದೆರಡು ಸೆಕೆಂಡು ಸಾಕು. ಸಮಯ ತಿನ್ನುವುದು ಅದರ ಹಿಂದೆ ಮುಂದೆ ನಡೆಯುವ ಕೆಲಸ. ಹದಿಮೂರರ ಆಸುಪಾಸಿನ ಒಬ್ಬ ಹುಡುಗ ಚೆಂಡಿನ ಹಿಂದೆ ನಿಂತು ನೋಡಿದ, ಗ್ಲೌಸ್ ಬಿಚ್ಚಿ ಮತ್ತೆ ಹಾಕಿಕೊಂಡ, ನಾಲ್ಕು ಸಲ ಗಾಳಿಯಲ್ಲಿ ಬೀಸಿದ, ಬ್ಯಾಗಿಗೆ ವಾಪಸ್ ಹೋಗಿ ಬೇರೆ ಕ್ಲಬ್ (ಹೊಡೆಯುವ ಕೋಲು) ತಂದು ಮತ್ತೆ ಮೊದಲಿಂದ ಶುರು ಮಾಡಿದ. ಟಿವಿಯಲ್ಲಿ ದೊಡ್ಡವರು ಮಾಡುವುದನ್ನು ನೋಡಿಯೇ ಕಲಿತಿರುತ್ತಾರೆ, ಮಕ್ಕಳನ್ನು ಬೈದು ಏನು ಮಾಡುವುದು? 2018ರಲ್ಲಿ ಅಮೆರಿಕದ ಟೊರಿ ಪೈನ್ಸ್ ಕೋರ್ಸ್‌ನಲ್ಲಿ ವೃತ್ತಿಪರ ಆಟಗಾರ ಜೆ.ಬಿ. ಹೋಮ್ಸ್ ಕೊನೆಯ ಹೋಲ್‌ನ ಒಂದೇ ಹೊಡೆತಕ್ಕೆ ನಾಲ್ಕು ನಿಮಿಷಕ್ಕೂ ಜಾಸ್ತಿ ತೆಗೆದುಕೊಂಡಿದ್ದರು. 2019ರಿಂದ ಜಾರಿಗೆ ಬಂದ ನಿಯಮಗಳು ಹೇಳುವುದು, ಅಡ್ಡಿಯಿಲ್ಲದೆ ಆಡುವ ಅವಕಾಶ ಸಿಕ್ಕ ಮೇಲೆ 40 ಸೆಕೆಂಡಿನೊಳಗೆ ಹೊಡೆಯಿರಿ, ಸಾಮಾನ್ಯವಾಗಿ ಅದಕ್ಕಿಂತ ಬೇಗ ಆಗಬೇಕು ಅಂತ. ಇದು ಸಣ್ಣ ವಿಷಯ ಅನ್ನಿಸಿದರೆ ಒಂದು ಲೆಕ್ಕ ಹಾಕಿ ನೋಡಿ. ಒಬ್ಬರಿಗೆ 90 ಹೊಡೆತ ಅಂದರೆ ಮೂವರಿಗೆ 270. ಒಂದೊಂದಕ್ಕೆ ಸುಮ್ನೆ 20 ಸೆಕೆಂಡು ಜಾಸ್ತಿಯಾದರೂ 5,400 ಸೆಕೆಂಡು, ಒಂದೂವರೆ ಗಂಟೆ!

ಚೆಂಡು ಹುಡುಕುವ ಕಥೆ ಇನ್ನೊಂದು. ಮೊದಲು ಐದು ನಿಮಿಷ ಹುಡುಕಬಹುದಿತ್ತು, 2019ರಿಂದ ಮೂರೇ ನಿಮಿಷ. ಚೆಂಡು ಪೊದೆ ಕಡೆ ಹೋಯಿತು, ಸಿಗುವುದು ಅನುಮಾನ ಅಂತ ಅನ್ನಿಸಿದ ಕೂಡಲೇ ಟೀಯಿಂದಲೇ 'ಪ್ರೊವಿಷನಲ್' (ಮೊದಲಿನದು ಸಿಗದಿದ್ದರೆ ಇದರಲ್ಲಿ ಆಡುತ್ತೇನೆ) ಅಂತ ಹೇಳಿ ಇನ್ನೊಂದು ಚೆಂಡು ಹೊಡೆದುಬಿಡಬೇಕು. ಒಬ್ಬ ಹುಡುಗಿ ಹೊಡೆಯಲಿಲ್ಲ. ನಾನು ತೋರಿಸಿದ ಜಾಗದಲ್ಲಿ ಎಲ್ಲರೂ ಸೇರಿ ತಡಕಾಡಿದರೂ ಸಿಗಲಿಲ್ಲ, ಅಷ್ಟು ದೂರ ಟೀಗೆ ವಾಪಸ್ ನಡೆಯಬೇಕಾಯಿತು, ಅಲ್ಲಿ ಕಾಯುತ್ತಿದ್ದ ಗುಂಪಿನ ಮಧ್ಯೆ ನುಗ್ಗಿ ನಿಂತು ಹೊಡೆಯುವಾಗ ಅವಳ ಮುಖ ಕೆಂಪಾಗಿತ್ತು. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ತಪ್ಪು ಕಲಿಸಿದವರದ್ದು. ತಿಂಗಳುಗಟ್ಟಲೆ ಸ್ವಿಂಗ್ ತಿದ್ದುತ್ತೇವೆ, ಈ ಒಂದು ವಾಕ್ಯ ಹೇಳಿಕೊಡುವುದಿಲ್ಲ.

ಮಕ್ಕಳ ಮರ್ಯಾದೆಯಿಂದಲೇ ತಡವಾಗುವುದೂ ಉಂಟು, ಇದನ್ನು ಕಂಡು ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಹೋಲ್‌ನಿಂದ ದೂರ ಇರುವವರು ಮೊದಲು ಆಡಬೇಕು ಅಂತ ಕಲಿಸಿರುತ್ತೇವೆ. ದೂರ ಇದ್ದ ಹುಡುಗ ಇನ್ನೂ ಬ್ಯಾಗ್ ಎಳೆದುಕೊಂಡು ಬರುತ್ತಿದ್ದಾನೆ, ಮುಂದಿದ್ದ ಇಬ್ಬರು ರೆಡಿಯಾಗಿ ಕೈಕಟ್ಟಿಕೊಂಡು ನಿಂತಿದ್ದಾರೆ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ, ಯಾರಿಗೂ ಅಪಾಯವಿಲ್ಲದಿದ್ದರೆ ರೆಡಿ ಇರುವವರು ಆಡಬಹುದು, ಹಾಗೇ ಆಡಿ ಅಂತ ನಿಯಮವೇ ಪ್ರೋತ್ಸಾಹಿಸುತ್ತದೆ. ಜೊತೆಗಿರುವವನಿಗೆ ತೋರಿಸುವ ಮರ್ಯಾದೆಯಲ್ಲಿ ಸ್ವಲ್ಪವಾದರೂ ಹಿಂದೆ ಬಿಸಿಲಲ್ಲಿ ಕೂತಿರುವವರಿಗೂ ಇರಬೇಕು, ಅಲ್ವಾ?

ಇದನ್ನು ಅರ್ಥ ಮಾಡಿಕೊಂಡಿದ್ದ ಒಬ್ಬಳು ಪುಟ್ಟ ಹುಡುಗಿಯನ್ನೂ ಆವತ್ತೇ ನೋಡಿದೆ. ಗುಳಿ ಇರುವ ನುಣುಪು ಹುಲ್ಲಿನ ಜಾಗ, ಗ್ರೀನ್ ಹತ್ತಿರ ಬರುವಾಗಲೇ ಬ್ಯಾಗನ್ನು ಎಂಟನೇ ಟೀಗೆ ಹೋಗುವ ದಾರಿ ಕಡೆ ಇಟ್ಟಳು. ಬೇರೆಯವರ ಪಟ್ (ಚೆಂಡನ್ನು ಗುಳಿಯ ಕಡೆ ಉರುಳಿಸುವ ಹೊಡೆತ) ಸಾಗುವ ಗೆರೆಯನ್ನು ತುಳಿಯದೆ ಸುತ್ತಿ ಬಂದಳು, ತನ್ನ ಪಟ್ ಮುಗಿಸಿದಳು. ಗೆಳತಿ ಬಂಕರ್‌ನಿಂದ, ಅಂದರೆ ಮರಳಿನ ಗುಂಡಿಯಿಂದ, ಚೆಂಡನ್ನು ಹೊರಗೆ ಹೊಡೆದ ಕೂಡಲೇ "ನೀನು ಹೋಗಿ ಪಟ್ ಮಾಡು ಕಣೇ, ಮರಳು ನಾನು ಎಳೀತೀನಿ" ಅಂದು ಮರಳು ಸಮ ಮಾಡುವ ರೇಕ್ ಕೈಗೆ ತೆಗೆದುಕೊಂಡಳು. ಸ್ಕೋರನ್ನು ಮುಂದಿನ ಟೀಗೆ ಹೋಗಿ ಬರೆದಳು. ಓಡಲಿಲ್ಲ, ಗಡಿಬಿಡಿ ಮಾಡಲಿಲ್ಲ. ತನ್ನ ಪಟ್‌ಗೆ ಬೇಕಾದಷ್ಟು ಹೊತ್ತು ನಿಂತೇ ಆಡಿದಳು. ಆ ಗುಂಪು ಮಾತ್ರ ಎಲ್ಲೂ ಹಿಂದೆ ಬೀಳಲಿಲ್ಲ.

ನನಗೆ ಬೇಜಾರಾಗಿದ್ದು ನಮ್ಮಂಥ ಪೋಷಕರನ್ನು ನೋಡಿ. ಆ ಗ್ಲೌಸ್ ಹುಡುಗ ಪ್ರತಿ ಹೊಡೆತಕ್ಕೂ ಮೊದಲು ಹಗ್ಗದ ಆಚೆ ನಿಂತ ಅಪ್ಪನ ಮುಖ ನೋಡುತ್ತಿದ್ದ. ಅಪ್ಪ ಕೈಸನ್ನೆ ಮಾಡುತ್ತಿದ್ದರು. ಬ್ಯಾಗ್ ಹೊರುವ ಸಹಾಯಕ, ಅಂದರೆ ಕ್ಯಾಡಿ ಬಿಟ್ಟು ಹೊರಗಿನವರ ಹತ್ತಿರ ಸಲಹೆ ಕೇಳಿದರೆ ಎರಡು ಹೊಡೆತ ದಂಡ ಬೀಳುತ್ತದೆ, ಆ ದಂಡ ಬೀಳುವುದು ಮಗನಿಗೆ. ರೆಫರಿ ಬಂದು ಅಪ್ಪನಿಗೆ ಹಿಂದೆ ಸರಿಯಲು ಹೇಳಿದರು, ಗುಂಪಿಗೆ ಎಚ್ಚರಿಕೆ ಕೊಟ್ಟರು, ಆಮೇಲೆ ಗಡಿಯಾರ ಹಿಡಿದರು. ಕೊನೆಗೆ ನಿಧಾನದ ಆಟಕ್ಕೆ ಆ ಹುಡುಗನಿಗೆ ಒಂದು ಹೊಡೆತದ ದಂಡ ಬಿತ್ತು. "ಮಗು ಅಲ್ವಾ ಸಾರ್, ಹೀಗೆ ಹೆದರಿಸಿದ್ರೆ ಹೇಗೆ?" ಅಂತ ಅಪ್ಪ ಜೋರಾದರು. "ಹಿಂದೆ ಕಾಯ್ತಾ ಇರೋ ಆರು ಜನಾನೂ ಮಕ್ಕಳೇ ಸಾರ್" ಅಂದರು ರೆಫರಿ. ಹುಡುಗ ಕಣ್ಣೊರೆಸಿಕೊಂಡ, ಏನೂ ಹೇಳದೆ ಎಂಟನೇ ಟೀ ಕಡೆ ನಡೆದ.

ಸಂಜೆ ಅವನಿಗೆ ಸಮಾಧಾನ ಹೇಳುವಾಗ ನಾನು ಹೇಳಿದ್ದು ಗುವಾನ್ ಟಿಯಾನ್‌ಲಾಂಗ್ ವಿಷಯ. ಚೀನಾದ ಈ ಹುಡುಗ 2013ರಲ್ಲಿ, 14ನೇ ವಯಸ್ಸಿಗೆ, ಮಾಸ್ಟರ್ಸ್ ಅನ್ನುವ ದೊಡ್ಡ ಗಾಲ್ಫ್ ಟೂರ್ನಮೆಂಟ್‌ನಲ್ಲಿ ಆಡಿದ. ಎರಡನೇ ದಿನ 17ನೇ ಹೋಲ್‌ನಲ್ಲಿ ನಿಧಾನದ ಆಟಕ್ಕೆ ಅವನಿಗೂ ಒಂದು ಹೊಡೆತ ದಂಡ ಬಿತ್ತು. ಇಡೀ ಜಗತ್ತು ನೋಡುತ್ತಿತ್ತು. ಅವನು ತಕರಾರು ಮಾಡದೆ ಒಪ್ಪಿಕೊಂಡ, ಆದರೂ ಕಟ್ (ಕೊನೆಯ ಎರಡು ದಿನ ಆಡಲು ಬೇಕಾದ ಅರ್ಹತೆ) ದಾಟಿದ, ನಾಲ್ಕೂ ದಿನ ಆಡಿ ಹವ್ಯಾಸಿ ಆಟಗಾರರಲ್ಲಿ ಮೊದಲಿಗನಾದ. ನಮ್ಮ ಹುಡುಗ "ಹದಿನಾಲ್ಕಾ ಆಂಟಿ?" ಅಂತ ಎರಡು ಸಲ ಕೇಳಿದ.

ಸಂಘಟಕರಿಗೆ ಎರಡು ಮಾತು ಬರೆದು ಕೊಟ್ಟು ಬಂದಿದ್ದೇನೆ. ಎಚ್ಚರಿಕೆ ಮೂರನೇ ಹೋಲ್‌ನಲ್ಲೇ ಬರಲಿ, ಏಳರ ಹೊತ್ತಿಗೆ ಹಿಂದಿನವರ ಆಟ ಆಗಲೇ ಹಾಳಾಗಿರುತ್ತದೆ. ಮತ್ತೆ, ಮಕ್ಕಳು ಟೀಗೆ ಹೋಗುವ ಮೊದಲು ಪೋಷಕರನ್ನು ಹತ್ತು ನಿಮಿಷ ಕೂರಿಸಿ ಪ್ರೊವಿಷನಲ್ ಚೆಂಡು, ಮೂರು ನಿಮಿಷ, ಕೈಸನ್ನೆ ಇಷ್ಟನ್ನು ಹೇಳಲಿ. "ಬೇಗ ಬೇಗ" ಅಂತ ಹೊಡೆಯುವ ಮಗುವಿನ ಕಿವಿಯಲ್ಲಿ ಕೂಗಬೇಡಿ ಅನ್ನುವುದನ್ನೂ ಸೇರಿಸಲಿ.