ಬೋರ್ನ್ ನಕ್ಷೆ: ಮೂರು ತಿಂಗಳ ಕೆಲಸದ ಟಿಪ್ಪಣಿ

ಅಕ್ಟೋಬರ್, ಮೊದಲ ವಾರ

ಮನೆಯಿಂದ ಸೈಕಲ್ ತುಳಿದರೆ ಹತ್ತು ನಿಮಿಷಕ್ಕೆ ಬೋರ್ನ್ ವಿಮಾನನೆಲೆಯ ಬೇಲಿ ಸಿಗುತ್ತದೆ. ಕೇಂಬ್ರಿಡ್ಜ್‌ನ ಪಶ್ಚಿಮಕ್ಕಿರುವ ಕೇಂಬೋರ್ನ್ ಎಂಬ ಈ ಹೊಸ ಊರಿಗೆ ನಾವು ಬಂದು ಆರು ವರ್ಷವಾಯಿತು. ಅಲ್ಲಿಂದ ಪುಟ್ಟ ವಿಮಾನಗಳು ಏರಿಳಿಯುವುದನ್ನು ಕಂಡಿದ್ದೆ. ಆದರೆ ಅಷ್ಟು ಚಿಕ್ಕ ವಿಮಾನಕ್ಕೆ ಅಷ್ಟು ಅಗಲದ ಕಾಂಕ್ರೀಟ್ ಏಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಓಡುದಾರಿಗಳು ಎರಡನೇ ಮಹಾಯುದ್ಧದ ನಾಲ್ಕು ಎಂಜಿನ್‌ಗಳ ಬಾಂಬರ್‌ಗಳಿಗಾಗಿ ಹಾಸಿದವು. ಪಕ್ಕದ ಓಕಿಂಗ್ಟನ್ ನೆಲೆಯ ಉಪನೆಲೆಯಾಗಿ 1941ರಲ್ಲಿ ಶುರುವಾದ ಬೋರ್ನ್‌ಗೆ 1943ರ ಏಪ್ರಿಲ್‌ನಲ್ಲಿ ಬ್ರಿಟಿಷ್ ವಾಯುಪಡೆಯ 97ನೇ ಸ್ಕ್ವಾಡ್ರನ್ ತನ್ನ ಲ್ಯಾಂಕಾಸ್ಟರ್ ಬಾಂಬರ್‌ಗಳೊಂದಿಗೆ ಬಂದಿತು. ಗುರಿಯ ಮೇಲೆ ಬಣ್ಣದ ಬೆಳಕಿನ ಗುರುತು ಹಾಕಿ ಹಿಂದಿನವರಿಗೆ ದಾರಿ ತೋರಿಸುವ ಪಾತ್‌ಫೈಂಡರ್ ಪಡೆಯದು ಅದು.

ಸ್ಥಳೀಯ ಆಡಳಿತದ ಯೋಜನೆಯಲ್ಲಿ ಈ ಜಾಗ ಸುಮಾರು 3,500 ಮನೆಗಳ ಹೊಸ ಹಳ್ಳಿಗೆ ಮೀಸಲಾಗಿದೆ. ಕಾಂಕ್ರೀಟ್ ಕಿತ್ತುಹೋಗುವ ಮೊದಲು ಒಂದು ನಕ್ಷೆ ಮಾಡಬೇಕು ಅನ್ನಿಸಿತು. ಸುತ್ತಮುತ್ತ ಬಾಂಬರ್‌ಗಳು ಬಿದ್ದ ಜಾಗಗಳು, ತಾರೀಕು, ಕಾರಣ, ಇಷ್ಟೇ. ಎರಡು ವಾರದ ಕೆಲಸ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ.

ಅಕ್ಟೋಬರ್, ಕೊನೆಯ ವಾರ

ಎರಡು ವಾರ ಮುಗಿದು ಎಷ್ಟೋ ದಿನವಾಯಿತು. ಯುದ್ಧದ ಇಡೀ ಅವಧಿ ತೆಗೆದುಕೊಂಡರೆ ನಿವೃತ್ತಿಯವರೆಗೂ ಮುಗಿಯದು ಎಂದು ಈಗ ಗೊತ್ತಾಗಿದೆ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಅವರಲ್ಲಿ ಹಲವರು ಶತ್ರುದೇಶವನ್ನು ಕಾಣುವ ಮೊದಲೇ, ತರಬೇತಿಯ ಹಾರಾಟದಲ್ಲೇ ಹೋದರು. ಹಾಗಾಗಿ ನಕ್ಷೆಯನ್ನು ಒಂದೇ ರಾತ್ರಿಗೆ ಇಳಿಸಿದ್ದೇನೆ: 1943ರ ಡಿಸೆಂಬರ್ 16, ಗುರುವಾರ. ಇಲ್ಲಿನವರು ಅದನ್ನು ಕರಾಳ ಗುರುವಾರ ಎನ್ನುತ್ತಾರೆ.

ಅಂದು ಬರ್ಲಿನ್ ಮೇಲೆ ದಾಳಿಗೆ ಹೋದ ಲ್ಯಾಂಕಾಸ್ಟರ್‌ಗಳು 483. ಅತ್ತ ಶತ್ರುವಿನಿಂದ ಕಳೆದುಹೋದವು 25. ಇತ್ತ, ದಾಳಿ ಮುಗಿಸಿ ಮರಳಿ ಇಂಗ್ಲೆಂಡಿನ ಮೇಲೆ ಬಂದಮೇಲೆ ಮಂಜು ಮತ್ತು ತಗ್ಗಿನ ಮೋಡದಿಂದ ನಾಶವಾದವು 29. ಇತ್ತ ಸತ್ತವರು ಸುಮಾರು 150 ಜನ. ಈ ಸಾಲನ್ನು ಮೊದಲ ಸಲ ಓದಿದಾಗ ಅತ್ತ, ಇತ್ತ ಅದಲುಬದಲಾಗಿದೆ ಎಂದುಕೊಂಡು ಮತ್ತೆ ಮೇಲಿನಿಂದ ಓದಿದೆ. ಅತಿ ಹೆಚ್ಚು ಪೆಟ್ಟು ತಿಂದದ್ದು ಬೋರ್ನ್‌ನ 97ನೇ ಸ್ಕ್ವಾಡ್ರನ್: ಒಂದು ಲ್ಯಾಂಕಾಸ್ಟರ್ ಅತ್ತ, ಏಳು ಇತ್ತ.

ನವೆಂಬರ್, ಮೊದಲ ವಾರ

ದತ್ತಾಂಶದ ಕೆಲಸ. ಬೇಸರದ್ದು, ಆದರೆ ತಪ್ಪುಗಳೆಲ್ಲ ಹುಟ್ಟುವುದು ಇಲ್ಲೇ.

ಮೊದಲ ತಪ್ಪು ತಾರೀಕಿನದು. ದಾಳಿಯನ್ನು ದಾಖಲೆಗಳಲ್ಲಿ 16/17 ಎಂದು ಬರೆಯುತ್ತಾರೆ. ನನ್ನ ಕೋಷ್ಟಕದ ತಂತ್ರಾಂಶ ಅದನ್ನು ಭಿನ್ನರಾಶಿ ಎಂದು ತಿಳಿದು 0.94 ಮಾಡಿತು. ಅದನ್ನು ಸರಿಪಡಿಸಿ ಎಲ್ಲಕ್ಕೂ 16 ಎಂದು ಹಾಕಿದೆ. ಅದೂ ತಪ್ಪು. ವಿಮಾನಗಳು ಮರಳಿದ್ದು ಮಧ್ಯರಾತ್ರಿಯ ಆಸುಪಾಸು. ಒಂದೇ ಮಂಜಿನಲ್ಲಿ ಸತ್ತವರ ಸಾವಿನ ದಿನ ಎರಡಾಗಿದೆ. ಈಗ ‘ರಾತ್ರಿ’ಗೆ ಒಂದು ಕಂಬಸಾಲು, ‘ದಿನ’ಕ್ಕೆ ಇನ್ನೊಂದು.

ಎರಡನೆಯದು ಗಡಿಯಾರ. ವಿಮಾನಗಳು ಸಂಜೆ ನಾಲ್ಕೂವರೆಯ ಸುಮಾರಿಗೆ ಎದ್ದವು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೂ ಮುಂಚೆ ಸೂರ್ಯ ಮುಳುಗುತ್ತದೆ, ಆದ್ದರಿಂದ ಕತ್ತಲಲ್ಲಿ ಹೊರಟರು ಎಂದು ಬರೆದುಬಿಟ್ಟಿದ್ದೆ. ಯುದ್ಧಕಾಲದಲ್ಲಿ ಬ್ರಿಟನ್ ಚಳಿಗಾಲದಲ್ಲೂ ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದಿತ್ತು ಎಂಬುದು ಆಮೇಲೆ ನೆನಪಾಯಿತು. ಅಂದರೆ ಅಂದಿನ ಗಡಿಯಾರದಲ್ಲಿ ಸೂರ್ಯಾಸ್ತ ನಾಲ್ಕೂಮುಕ್ಕಾಲಿಗೆ. ಅವರು ಕಡೆಯ ಬೆಳಕಿನಲ್ಲಿ ಎದ್ದವರು. ಕತ್ತಲು ಎಂಬ ಪದವನ್ನು ಅಳಿಸಿದೆ.

ಮೂರನೆಯದು ಇನ್ನೂ ತಲೆ ತಿನ್ನುತ್ತಿದೆ. ಏಳರಲ್ಲಿ ಎರಡು ವಿಮಾನಗಳ ಸಿಬ್ಬಂದಿ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದರು. ವಿಮಾನ ಬಿದ್ದದ್ದು ಒಂದು ಕಡೆ, ಏಳು ಜನ ಇಳಿದದ್ದು ಏಳು ಕಡೆ. ಒಂದು ಘಟನೆಗೆ ಒಂದು ಚುಕ್ಕೆ ಎಂಬ ನನ್ನ ನಿಯಮ ಅಲ್ಲಿಗೆ ಮುರಿಯಿತು. ಸದ್ಯಕ್ಕೆ ವಿಮಾನಕ್ಕೆ ಕೆಂಪು ಚುಕ್ಕೆ, ಮನುಷ್ಯರಿಗೆ ನೀಲಿ ವೃತ್ತ.

ನವೆಂಬರ್, ಮೂರನೇ ವಾರ

ಈ ವಾರ ನಕ್ಷೆಯ ಮೇಲೆ ಒಂದು ಚುಕ್ಕೆಯೂ ಹೆಚ್ಚಲಿಲ್ಲ. ಆದರೂ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಲಿತ ವಾರ ಇದೇ.

ಪ್ರಶ್ನೆ ಸರಳ. ಅನುಭವಿ ಸಿಬ್ಬಂದಿ, ಪಾತ್‌ಫೈಂಡರ್‌ಗಳು, ಸ್ವಂತ ನೆಲೆಯ ಮೇಲೆಯೇ ಸುತ್ತುತ್ತಿದ್ದರು. ಇಳಿಯಲು ಆಗಲಿಲ್ಲ ಏಕೆ? ಅವರ ಬಳಿ ಜೀ ಎಂಬ ರೇಡಿಯೋ ವ್ಯವಸ್ಥೆಯಿತ್ತು. ಅದು ನೆಲದ ಮೂರು ಕೇಂದ್ರಗಳ ಸಂಕೇತಗಳನ್ನು ಹೋಲಿಸಿ ವಿಮಾನ ಎಲ್ಲಿದೆ ಎಂದು ಹೇಳುತ್ತಿತ್ತು. ಮನೆಯ ಬಾಗಿಲವರೆಗೆ ಕರೆತರುತ್ತಿತ್ತು, ಚಿಲಕ ತೆಗೆಯುತ್ತಿರಲಿಲ್ಲ. ಓಡುದಾರಿಯ ನೇರಕ್ಕೆ ತರಲು ಇನ್ನೊಂದು ರೇಡಿಯೋ ಕಿರಣವಿತ್ತು: ಎಡಕ್ಕೆ ಸರಿದರೆ ಕಿವಿಯಲ್ಲಿ ಚುಕ್ಕೆಗಳ ಗಿಡ್ಡ ಸದ್ದು, ಬಲಕ್ಕೆ ಸರಿದರೆ ಗೆರೆಗಳ ಉದ್ದ ಸದ್ದು, ನಡುವೆ ಬಂದರೆ ಒಂದೇ ಸಮನೆ ಸ್ವರ. ಎಡಬಲ ಹೇಳುವ ಆ ಕಿರಣವೂ ಎತ್ತರ ಹೇಳುತ್ತಿರಲಿಲ್ಲ.

ಎತ್ತರದ ವಿಷಯ ಅಪ್ಪನಿಂದ ತಿಳಿಯಿತು. ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ಉಪಕರಣಗಳ ವಿಭಾಗದಲ್ಲಿದ್ದು ನಿವೃತ್ತರಾದವರು. ನನ್ನ ಹವ್ಯಾಸದ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. ಭಾನುವಾರದ ಕರೆಯಲ್ಲಿ, “ಆಲ್ಟಿಮೀಟರ್ ಇತ್ತಲ್ಲ, ನೋಡಿಕೊಂಡು ಇಳಿಯಬಹುದಿತ್ತು” ಎಂದೆ.

“ಅಲ್ಲಪ್ಪಾ, ಆಲ್ಟಿಮೀಟರ್ ನೆಲ ನೋಡುತ್ತದೆ ಎಂದು ನಿನಗೆ ಯಾರು ಹೇಳಿದರು? ಅದು ನೋಡುವುದು ಗಾಳಿಯ ಒತ್ತಡವನ್ನು” ಎಂದರು.

ಆಮೇಲೆ ಮುಕ್ಕಾಲು ಗಂಟೆ ಪಾಠವಾಯಿತು. ನೆಲದ ಹತ್ತಿರ ಒಂದು ಮಿಲಿಬಾರ್ ಒತ್ತಡ ಎಂದರೆ ಸುಮಾರು ಇಪ್ಪತ್ತೆಂಟು ಅಡಿ ಎತ್ತರ. ಸಂಜೆ ಹೊರಡುವಾಗ ಹೊಂದಿಸಿದ ಮುಳ್ಳು, ಏಳೆಂಟು ಗಂಟೆಯಲ್ಲಿ ಹವೆ ಮೂರು ಮಿಲಿಬಾರ್ ಬದಲಾದರೆ ಎಂಬತ್ತು ಅಡಿಗೂ ಹೆಚ್ಚು ಸುಳ್ಳು ಹೇಳುತ್ತದೆ. ನೆಲದಿಂದ ರೇಡಿಯೋದಲ್ಲಿ ಹೊಸ ಒತ್ತಡ ಕೇಳಿ ಮತ್ತೆ ಹೊಂದಿಸಬೇಕು. ಹಾಗೆ ಬೋರ್ನ್‌ಗೆ ಹೊಂದಿಸಿದ ಮುಳ್ಳು ಬೇರೆ ಎತ್ತರದಲ್ಲಿರುವ ಪಕ್ಕದ ನೆಲೆಯಲ್ಲಿ ಸೊನ್ನೆ ತೋರಿಸದು. ಒಂದೇ ನೆಲೆಯ ಮೇಲೆ ಹತ್ತಾರು ವಿಮಾನಗಳು ಒಟ್ಟಿಗೆ ಅನುಮತಿ ಕೇಳುತ್ತಾ, ಟ್ಯಾಂಕಿನ ಮುಳ್ಳು ಇಳಿಯುತ್ತಿರುವಾಗ ಇದೆಲ್ಲ ಆಗಬೇಕು.

ಮಗಳ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಲೆಕ್ಕ ಮಾಡಿದೆ. ಇಳಿಯುವಾಗಿನ ವೇಗ ಗಂಟೆಗೆ 180 ಕಿಲೋಮೀಟರ್, ಅಂದರೆ ಸೆಕೆಂಡಿಗೆ 50 ಮೀಟರ್. ಇಳಿಜಾರು ಮೂರು ಡಿಗ್ರಿ. ಮೋಡದ ತಳ 200 ಅಡಿಯಲ್ಲಿದ್ದರೆ ದೀಪ ಕಂಡ ಕ್ಷಣದಿಂದ ಚಕ್ರ ನೆಲ ಮುಟ್ಟುವವರೆಗೆ ಸಿಗುವುದು 23 ಸೆಕೆಂಡು. ಆಲ್ಟಿಮೀಟರ್ ಎಂಬತ್ತು ಅಡಿ ಹೆಚ್ಚು ತೋರಿಸುತ್ತಿದ್ದರೆ, 200 ಎಂದು ಪೈಲಟ್ ಓದುವಾಗ ಉಳಿದಿರುವುದು 120 ಅಡಿ, 14 ಸೆಕೆಂಡು. ಲ್ಯಾಂಕಾಸ್ಟರ್‌ನ ರೆಕ್ಕೆಗಳೇ ತುದಿಯಿಂದ ತುದಿಗೆ 102 ಅಡಿ.

ದೇವನಹಳ್ಳಿಯಲ್ಲಿ ಜನವರಿಯ ಬೆಳಗ್ಗೆ ಮಂಜು ಕವಿದು ವಿಮಾನ ಎರಡು ಗಂಟೆ ತಡವಾದಾಗ ನಾನು ಗೊಣಗಿದ್ದು ಕಡಿಮೆಯಲ್ಲ.

ಡಿಸೆಂಬರ್, ಮೊದಲ ವಾರ

ಗ್ರೇವ್ಲಿಗೆ ಹೋಗಿ ಬಂದೆ. ಅದು ಇಲ್ಲಿಂದ ಪಶ್ಚಿಮಕ್ಕಿರುವ ಇನ್ನೊಂದು ಪಾತ್‌ಫೈಂಡರ್ ನೆಲೆ. ಈಗ ಬಹುತೇಕ ಹೊಲ. ನಕ್ಷೆಯಲ್ಲಿ ಅತಿ ದೊಡ್ಡ ತಪ್ಪು ತಿದ್ದಿದ್ದು ಇಲ್ಲಿಂದಲೇ. 97ನೇ ಸ್ಕ್ವಾಡ್ರನ್ನಿನ ವಿಮಾನಗಳೆಲ್ಲ ಬೋರ್ನ್ ಸುತ್ತಲೇ ಬಿದ್ದವು ಎಂದುಕೊಂಡು ಸ್ಕ್ವಾಡ್ರನ್ ಲೀಡರ್ ಅರ್ನೆಸ್ಟ್ ಡೆವೆರಿಲ್ ಅವರ ಚುಕ್ಕೆಯನ್ನೂ ಅಲ್ಲೇ ಇಟ್ಟಿದ್ದೆ. ಅವರು ಬಿದ್ದದ್ದು ಗ್ರೇವ್ಲಿಯಲ್ಲಿ.

ಗ್ರೇವ್ಲಿಗೆ ಹೋಗಲು ಅವರಿಗೆ ಕಾರಣವಿತ್ತು. ಅಲ್ಲಿ ಫಿಡೋ ಇತ್ತು: ಓಡುದಾರಿಯ ಎರಡೂ ಬದಿಗೆ ಕೊಳವೆ ಹಾಸಿ, ಅದರಲ್ಲಿ ಪೆಟ್ರೋಲ್ ಹರಿಸಿ ಉರಿಸಿ, ಆ ಬಿಸಿಗೆ ಮಂಜು ಕರಗುವಂತೆ ಮಾಡುವ ಏರ್ಪಾಡು. ಗಂಟೆಗೆ ಲಕ್ಷಾಂತರ ಲೀಟರ್ ಪೆಟ್ರೋಲ್ ಸುಡುತ್ತಿತ್ತು. ಪಡಿತರದ ಕಾಲದಲ್ಲಿ ಇದೆಂಥ ದುಂದು ಎಂದು ಮೊದಲು ಅನ್ನಿಸಿತು. ಒಂದು ಲ್ಯಾಂಕಾಸ್ಟರ್ ಮತ್ತು ಏಳು ಜನರ ಲೆಕ್ಕ ಪಕ್ಕದಲ್ಲಿಟ್ಟರೆ ಅಗ್ಗವೇ. ಪಾತ್‌ಫೈಂಡರ್‌ಗಳ ಮುಖ್ಯಸ್ಥ ಡಾನ್ ಬೆನೆಟ್ 1943ರ ಫೆಬ್ರವರಿಯಲ್ಲಿ ತಾವೇ ಲ್ಯಾಂಕಾಸ್ಟರ್ ಇಳಿಸಿ ಇದನ್ನು ಪರೀಕ್ಷಿಸಿದ್ದರು. ದಾಳಿಯಿಂದ ಮರಳಿದ ವಿಮಾನಗಳಿಗೆ ಅದು ಮೊದಲು ನೆರವಾದದ್ದು ಆ ನವೆಂಬರಿನಲ್ಲಿ. ಅಂದರೆ ಕರಾಳ ಗುರುವಾರಕ್ಕೆ ಅದು ಒಂದು ತಿಂಗಳ ಕೂಸು. ಎರಡು ಸಾಲು ಬೆಂಕಿಯ ನಡುವೆ, ಹೊಗೆ ಮತ್ತು ಕಣ್ಣು ಕುಕ್ಕುವ ಬೆಳಕಿನಲ್ಲಿ ಇಳಿಯುವುದು ರೂಢಿಯಿಲ್ಲದವರಿಗೆ ಸುಲಭವಾಗಿರಲಿಲ್ಲ.

ಡೆವೆರಿಲ್ ಹೊಸಬರಲ್ಲ. 1942ರ ಏಪ್ರಿಲ್ 17ರಂದು ಆಗ್ಸ್‌ಬರ್ಗ್‌ನ ಡೀಸೆಲ್ ಎಂಜಿನ್ ಕಾರ್ಖಾನೆಯ ಮೇಲೆ ಹಾಡುಹಗಲೇ, ಮರಗಳ ಎತ್ತರದಲ್ಲಿ ಹಾರಿಹೋದ 12 ಲ್ಯಾಂಕಾಸ್ಟರ್‌ಗಳಲ್ಲಿ ಮರಳಿದ್ದು ಐದು. ಆ ಐದರಲ್ಲಿ ಅವರದೊಂದು. ಗ್ರೇವ್ಲಿಯಲ್ಲಿ ಅವರ ಸಿಬ್ಬಂದಿಯಲ್ಲಿ ಬದುಕಿದ್ದು ಒಬ್ಬರೇ. ಡೆವೆರಿಲ್ ಅವರ ಸಮಾಧಿ ನಾರ್ಫೋಕ್‌ನ ಡಾಕಿಂಗ್ ಎಂಬ ಊರಿನ ಚರ್ಚಿನ ಅಂಗಳದಲ್ಲಿದೆ.

ಕೆಂಪು ಚುಕ್ಕೆಯನ್ನು ಸುಮಾರು ಹತ್ತು ಕಿಲೋಮೀಟರ್ ಎಳೆದು ಅದರ ಜಾಗಕ್ಕೆ ಇಟ್ಟೆ.

ಡಿಸೆಂಬರ್ 10

ಕೇಂಬ್ರಿಡ್ಜ್ ನಗರದ ಸ್ಮಶಾನದ ಯುದ್ಧ ಸಮಾಧಿಗಳು. ಎಲ್ಲ ಒಂದೇ ಅಳತೆಯ ಬಿಳಿ ಕಲ್ಲುಗಳು. ಕೆನಡಾದವರಿಗೆ ಮೇಪಲ್ ಎಲೆ. ಆ ರಾತ್ರಿಯ ಕೆಲವರು ಇಲ್ಲಿದ್ದಾರೆ. ಚಳಿಗೆ ಕೈ ಮರಗಟ್ಟಿ ಅರ್ಧ ಫೋಟೋಗಳು ಅಲುಗಿವೆ. ಮತ್ತೆ ಹೋಗಬೇಕು.

ಹೆಂಡತಿ ಜೊತೆಗಿದ್ದಳು. ಮನೆಗೆ ಬಂದು ನಕ್ಷೆಯನ್ನು ಮೊದಲ ಸಲ ಪೂರ್ತಿ ನೋಡಿದಳು. “ರೀ, ಬರ್ಲಿನ್ನಿನಲ್ಲಿ ಸತ್ತವರ ಚುಕ್ಕೆ ಎಲ್ಲಿ?” ಎಂದಳು.

ಇದು ಬೋರ್ನ್ ನಕ್ಷೆ, ಅದು ವ್ಯಾಪ್ತಿಗೆ ಬರುವುದಿಲ್ಲ ಎಂದೆ. ಹೇಳುವಾಗಲೇ ಅದು ಕಚೇರಿಯ ಉತ್ತರದಂತೆ ಕೇಳಿಸಿತು. ಅಂದಿನ ಬಾಂಬುಗಳು ಬಹುಪಾಲು ಬಿದ್ದದ್ದು ಮನೆಗಳ ಮೇಲೆ ಮತ್ತು ರೈಲುಮಾರ್ಗಗಳ ಮೇಲೆ, ಸತ್ತವರು ನೂರಾರು. ಅವರಲ್ಲಿ ಕೆಲಸಕ್ಕೆಂದು ಬೇರೆ ದೇಶಗಳಿಂದ ತಂದಿದ್ದ ಕಾರ್ಮಿಕರೂ ಇದ್ದರು. ನಕ್ಷೆಯ ಬಲ ಅಂಚಿಗೆ, ಪೂರ್ವಕ್ಕೆ, ಒಂದು ಬಾಣ ಹಾಕಿ ‘ಬರ್ಲಿನ್, ಸುಮಾರು 900 ಕಿ.ಮೀ.’ ಎಂದೂ ಅದರ ಕೆಳಗೆ ಈ ಎರಡು ಮಾತನ್ನೂ ಬರೆದೆ. ಅವಳಿಗೆ ತೃಪ್ತಿಯಾಗಿಲ್ಲ. ನನಗೂ ಪೂರ್ತಿ ಆಗಿಲ್ಲ, ಆದರೆ ಬಾಣ ಇರಲಿ.

ಡಿಸೆಂಬರ್ 16

ಮಂಜಿನಲ್ಲಿ ಬೇಲಿಯ ಬಳಿ ನಿಂತು ಫೋಟೋ ತೆಗೆಯಬೇಕೆಂದು ಕ್ಯಾಮೆರಾ ಸಿದ್ಧಮಾಡಿಕೊಂಡಿದ್ದೆ. ಆಕಾಶ ಶುಭ್ರ, ನಕ್ಷತ್ರಗಳು ಕಾಣುತ್ತಿದ್ದವು. ವಾಪಸು ಬಂದು ಸಾರು ಬಿಸಿ ಮಾಡಿಕೊಂಡೆ.

ಡಿಸೆಂಬರ್, ಕೊನೆಯ ವಾರ

ಸದ್ಯದ ಸ್ಥಿತಿ: ಏಳು ಚುಕ್ಕೆಗಳಲ್ಲಿ ನಾಲ್ಕು ಖುದ್ದು ನೋಡಿ ತುಂಬಿದವು, ಮೂರು ಟೊಳ್ಳು. ಟೊಳ್ಳು ಎಂದರೆ ಕಾಗದದಿಂದ ಗುರುತಿಸಿದ್ದು, ಕಾಲಿಟ್ಟು ನೋಡದ್ದು. ಅವು ಖಾಸಗಿ ಹೊಲಗಳಲ್ಲಿವೆ. ಅಗೆಯುವ ಪ್ರಶ್ನೆಯೇ ಇಲ್ಲ: ಸೇನಾ ಅವಶೇಷಗಳ ರಕ್ಷಣೆಗೆಂದು 1986ರಲ್ಲಿ ಬಂದ ಕಾನೂನಿನ ಪ್ರಕಾರ ಇಲ್ಲಿ ಬಿದ್ದ ಸೇನಾ ವಿಮಾನದ ಅವಶೇಷವನ್ನು ಪರವಾನಗಿಯಿಲ್ಲದೆ ಕದಲಿಸುವಂತಿಲ್ಲ. ನನಗೆ ಬೇಕಿರುವುದು ಹೊಲದ ಅಂಚಿನಲ್ಲಿ ನಿಂತು ಒಂದು ಫೋಟೋ, ಒಂದು ಅಕ್ಷಾಂಶ, ಒಂದು ರೇಖಾಂಶ.

ಒಬ್ಬ ರೈತರನ್ನು ಗೇಟಿನ ಬಳಿಯೇ ಹಿಡಿದು ಕೇಳಿದೆ. ಬೇಡವೆನ್ನಲಿಲ್ಲ. ಗೋಧಿ ಈಗತಾನೇ ಮೊಳೆತಿದೆ, ತುಳಿಯಬೇಡಿ, ಆಗಸ್ಟಿನಲ್ಲಿ ಕೊಯ್ಲಾದ ಮೇಲೆ ಬನ್ನಿ ಎಂದರು.